ಮೊಣಕಾಲಿಗೊಂದು ಗುಂಡು

ವೆಂಡೆಲ್ ಪ್ರೂಯಿಟ್‌ನನ್ನು ಕೊಂದದ್ದು ಗ್ರಿಜ್ಲಿ ಕರಡಿ. ಅದರಲ್ಲಿ ಬೆಂಟ್ ಕ್ರೀಕ್ ಊರಿನ ಯಾರಿಗೂ ಅನುಮಾನವಿರಲಿಲ್ಲ. ಹೆಣವನ್ನು ಒಂದು ಸಲ ನೋಡಿದವರು ಎರಡನೇ ಸಲ ನೋಡುವ ಗೋಜಿಗೆ ಹೋಗಲಿಲ್ಲ.

ಡಾಕ್ಟರ್ ಪೆರಾಲ್ಟಾ ಮಾತ್ರ ನೋಡಿದಳು. ನೋಡುವುದೇ ಅವಳ ಕೆಲಸ. ಬಲಗಾಲಿನ ಮೊಣಕಾಲ ಚಿಪ್ಪಿನ ಹಿಂದೆ ಚಿಮಟ ತೂರಿಸಿ ಏನನ್ನೋ ಎಳೆದು ತಟ್ಟೆಗೆ ಹಾಕಿದಳು. ಟಣ್ ಎಂದು ಸದ್ದಾಯಿತು.

"ಸೀಸದ ಹಲ್ಲಿರೋ ಕರಡಿಯನ್ನ ನಾನು ಇನ್ನೂ ನೋಡಿಲ್ಲ," ಅಂದಳು.

ಡೆಪ್ಯುಟಿ ಡಾರ್ಲಾ ಕ್ವಿಸ್ಟ್ ತಟ್ಟೆಯ ಮೇಲೆ ಬಗ್ಗಿದಳು. ಅವರೆಕಾಳಿನಷ್ಟು ಚಿಕ್ಕ ಗುಂಡು. ಬೇಟೆಯ ಬಂದೂಕಿನದಲ್ಲ, ಸೊಂಟದ ಪಿಸ್ತೂಲಿನದೂ ಅಲ್ಲ. ಅಂಗೈಯಲ್ಲಿ ಮುಚ್ಚಿಕೊಳ್ಳುವಂಥ, ಜೇಬಿನಲ್ಲಿ ಕರವಸ್ತ್ರದ ಜೊತೆ ಮಲಗುವಂಥ ಪುಟ್ಟ ಪಿಸ್ತೂಲಿನದು.

ಗುಂಡು ತೊಡೆಯ ಹೊರಬದಿಯಲ್ಲಿ ಹೊಕ್ಕಿದೆ, ಕೆಳಮುಖವಾಗಿ ಇಳಿದು ಮೊಣಕಾಲು ಒಡೆದಿದೆ ಎಂದು ಡಾಕ್ಟರ್ ವಿವರಿಸಿದಳು. ಆಗ ಮನುಷ್ಯ ಬದುಕಿದ್ದ. ಕರಡಿ ಮೇಲೆ ಬಿದ್ದದ್ದು ಆಮೇಲೆ.

ಬಾಗಿಲಿಗೆ ಒರಗಿ ನಿಂತಿದ್ದ ಶೆರಿಫ್ ಲುಂಡೀನ್ ತಟ್ಟೆಯತ್ತ ಕತ್ತು ಚಾಚಿದ. ಆಮೇಲೆ ನಕ್ಕ. ಸಂತೋಷದ ನಗು ಅದಲ್ಲ.

"ಹಾರ್ಲನ್ ಬೀಡ್," ಅಂದ. "ಆ ನಾಯಿಮಗ ಕೊನೆಗೂ ಮಾಡಿಯೇಬಿಟ್ಟ."

ಯಾಕೆ ಹಾಗೆಂದ ಎಂದು ಡಾರ್ಲಾ ಕೇಳಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದೇ. ಹಾರ್ಲನ್ ಬೀಡ್ ವೆಂಡೆಲ್‌ನ ಬೇಟೆ ಶಿಬಿರದ ಅಡುಗೆಯವ. ಅವನ ಜೇಬಲ್ಲಿ ಸದಾ ಒಂದು ಪುಟ್ಟ ಪಿಸ್ತೂಲು. ಕರಡಿಗಳ ಕಾಡಿಗೆ ಈ ಆಟಿಕೆ ತಗೊಂಡು ಹೋಗ್ತೀಯಲ್ಲೋ, ಇದರಿಂದ ಕರಡಿ ಸಾಯುತ್ತಾ ಎಂದು ಯಾರಾದರೂ ಕೆಣಕಬೇಕು, ಅವನು ಅದಕ್ಕೇ ಕಾಯುತ್ತಿದ್ದ. ಕರಡಿಗಲ್ಲ ಮಾರಾಯ, ನಿನ್ನ ಮೊಣಕಾಲಿಗೆ ಅನ್ನುತ್ತಿದ್ದ. ಕರಡಿಗಿಂತ ಜೋರಾಗಿ ನಾನು ಓಡಬೇಕಾಗಿಲ್ಲ, ನಿನಗಿಂತ ಜೋರಾಗಿ ಓಡಿದರೆ ಸಾಕು. ಕೇಳಿ ಕೇಳಿ ಹಳಸಿದ್ದರೂ ಊರು ನಗುತ್ತಿತ್ತು.

ವೆಂಡೆಲ್ ಸತ್ತಾಗ ಜೊತೆಯಲ್ಲಿದ್ದವನು ಹಾರ್ಲನ್ ಒಬ್ಬನೇ. ಕಾಡಿನಿಂದ ಒಂದು ಗೀರೂ ಇಲ್ಲದೆ ಓಡಿ ಬಂದವನೂ ಅವನೇ. ಹೆಣ ತರಲು ಹೋದಾಗ ಕಾಲುದಾರಿಯ ಕೆಳಗಿನ ಕಲ್ಲುಗಳ ನಡುವೆ ಅದೇ ಪಿಸ್ತೂಲು ಸಿಕ್ಕಿತ್ತು. ಆಗ ಯಾರೂ ಅದಕ್ಕೆ ಬೆಲೆ ಕೊಟ್ಟಿರಲಿಲ್ಲ.

ಶೆರಿಫ್ ಟೊಪ್ಪಿಗೆ ಇಟ್ಟುಕೊಂಡ. ಹಾರ್ಲನ್‌ನನ್ನು ಹಿಡಿದು ತರಲು ಹೊರಟ.

* * *

ಲಾಕಪ್ಪಿನಲ್ಲಿ ಹಾರ್ಲನ್ ಗೋಡೆಗೆ ಮುಖ ಮಾಡಿ ಕೂತಿದ್ದ. ತುಟಿ ಒಡೆದಿತ್ತು. ಜೀಪಿನಿಂದ ಇಳಿಸುವಾಗ ಜನ ಕೈ ಮಾಡಿದ್ದರು, ಶೆರಿಫ್ ತಡೆಯಲು ಅಷ್ಟೇನೂ ಆತುರಪಟ್ಟಿರಲಿಲ್ಲ.

"ಏನಮ್ಮಾ, ನೀನೂ ಉಗಿಯೋಕೆ ಬಂದ್ಯಾ?" ಅಂದ.

ಕೇಳೋಕೆ ಬಂದೆ ಎಂದಳು ಡಾರ್ಲಾ. ಕುರ್ಚಿ ಎಳೆದುಕೊಂಡು ಕೂತಳು.

ಅವನು ಹೇಳಿದ್ದು ಇಷ್ಟು. ಹೇಸರಗತ್ತೆಯೊಂದು ಹಗ್ಗ ಕಿತ್ತುಕೊಂಡು ಸ್ಯಾಡಲ್ ದಿಣ್ಣೆಯ ಕಡೆ ಹೋಗಿದೆ, ಹಿಡಿದು ತರೋಣ ಬಾ ಎಂದು ವೆಂಡೆಲ್ ಬೆಳಿಗ್ಗೆ ಕರೆದ. ಇಬ್ಬರೂ ಹತ್ತಿದರು. ದಾರಿ ಕಿರಿದಾದಲ್ಲಿ ವೆಂಡೆಲ್ ಅವನನ್ನು ಮುಂದೆ ಬಿಟ್ಟ. ಪೊದೆಗಳ ಹತ್ತಿರ ಕೊಳೆತ ವಾಸನೆ ಬಂತು. ಇಲ್ಲೇನೋ ಸತ್ತುಬಿದ್ದಿದೆ, ವಾಪಸ್ ಹೋಗೋಣ ಎಂದ ಹಾರ್ಲನ್. ನಡಿ ನಡಿ ಎಂದ ವೆಂಡೆಲ್. ಆಗ ಪೊದೆ ಎದ್ದು ನಿಂತಿತು. ಪೊದೆಯಲ್ಲ, ಕರಡಿ.

"ವೆಂಡೆಲ್ 'ಓಡ್ಬೇಡ, ನಿಂತ್ಕೋ' ಅಂತ ಕಿರುಚಿದ," ಅಂದ ಹಾರ್ಲನ್. "ನಾನು ಓಡಿದೆ."

ಕರಡಿಯ ಮುಂದೆ ಓಡಬಾರದೆಂದು ಈ ಊರಿನ ಶಾಲೆಯ ಮಕ್ಕಳಿಗೂ ಗೊತ್ತು. ಹಾರ್ಲನ್‌ಗೂ ಗೊತ್ತಿತ್ತು. ದಾರಿ ಬಿಟ್ಟು ಕೆಳಗಿನ ಇಳಿಜಾರಿಗೆ ಹಾರಿ ಓಡಿದ. ಹಿಂದೆ ಪಟ್ ಎಂದು ಒಂದು ಸಣ್ಣ ಸದ್ದು ಕೇಳಿತು. ತಿರುಗಿ ನೋಡಲಿಲ್ಲ.

ಪಿಸ್ತೂಲು ತನ್ನದೇ ಎಂದು ಒಪ್ಪಿಕೊಂಡ. ಆದರೆ ಹಿಂದಿನ ವಾರ ಮರ್ಲ್‌ನ ಬಾರಿನಲ್ಲಿ ಕೋಟು ತೂಗುಹಾಕಿ ಕುಡಿದು, ಮನೆಗೆ ಬಂದು ನೋಡಿದರೆ ಜೇಬು ಖಾಲಿಯಿತ್ತಂತೆ. ಯಾಕೆ ದೂರು ಕೊಡಲಿಲ್ಲ ಎಂದು ಡಾರ್ಲಾ ಕೇಳಿದಳು. ಕೊಟ್ಟಿದ್ದರೆ ಊರು ಒಂದು ವರ್ಷ ನಗುತ್ತಿತ್ತು ಎಂದ.

"ಅವನ ಜೊತೆ ಜಗಳ ಇತ್ತಾ?"

"ಅದನ್ನ ಹೇಳಿದ್ರೆ ಇನ್ನೊಬ್ಬರ ಮನೆ ಹಾಳಾಗುತ್ತೆ," ಎಂದು ಹಾರ್ಲನ್ ಮತ್ತೆ ಗೋಡೆಯ ಕಡೆ ತಿರುಗಿದ.

ಡಾರ್ಲಾ ಆಫೀಸಿಗೆ ಬಂದು ಪಿಸ್ತೂಲಿನ ಚೀಲ ಬಿಡಿಸಿದಳು. ದೀಪದ ಕೆಳಗೆ ಹಿಡಿದಳು. ಹಾರಿದ ಗುಂಡಿನ ಖಾಲಿ ತೋಟಾ ಹೊರಗೆ ಸಿಡಿದಿರಲಿಲ್ಲ. ಅದು ಹೊರಬೀಳುವ ಕಿಂಡಿಯಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಅದರ ಅಂಚಿಗೆ ಹಸಿರು ಉಣ್ಣೆಯ ಎರಡು ಎಳೆ.

ಹಾರ್ಲನ್ ಅಂದು ಹಾಕಿದ್ದು ಕಂದು ಬಣ್ಣದ ಕ್ಯಾನ್ವಾಸ್ ಜಾಕೆಟ್ಟು.

ಇದನ್ನು ಶೆರಿಫ್‌ಗೆ ತೋರಿಸಿದಳು. ಅವನು ಕಣ್ಣೆತ್ತಲಿಲ್ಲ. ವೆಂಡೆಲ್‌ನ ಕೋಟು ಹಸಿರು, ಗುಂಡು ವೆಂಡೆಲ್‌ಗೆ ಬಿದ್ದಿದೆ, ಎಳೆ ಹಾರಿ ಅಂಟಿರಬಹುದು ಎಂದ. ನಿನಗೆ ಆ ಹೇಡಿಯ ಮೇಲೆ ಯಾಕಿಷ್ಟು ಕರುಣೆ ಎಂದೂ ಕೇಳಿದ.

* * *

ಮರ್ಲ್ ಓಡಮ್‌ನ ಬಾರು ಮಧ್ಯಾಹ್ನವೇ ತುಂಬಿತ್ತು. ಡಾರ್ಲಾ ಒಳಗೆ ಕಾಲಿಟ್ಟಾಗ ಯಾರೋ ನೆಲಕ್ಕೆ ಉಗಿದರು.

ಮರ್ಲ್ ದಪ್ಪ ಕತ್ತಿನ, ಕೆಂಪು ಮುಖದ ಮನುಷ್ಯ. ವೆಂಡೆಲ್‌ನ ಬಾಲ್ಯದ ಗೆಳೆಯ. ಶವಪೆಟ್ಟಿಗೆ ಹೊರುವವರಲ್ಲಿ ಮೊದಲಿಗ. ಅವಳು ಕೇಳುವ ಮೊದಲೇ ಶುರುಮಾಡಿದ. ಪಿಸ್ತೂಲು ಕಳೆದಿತ್ತೆಂದು ಹಾರ್ಲನ್ ಹೇಳುತ್ತಿರುವುದು ಊರಿಗೆಲ್ಲ ತಲುಪಿದೆ, ಅದು ಶುದ್ಧ ಸುಳ್ಳು. ವೆಂಡೆಲ್ ಸಾಯುವ ಹಿಂದಿನ ಸಂಜೆ ಹಾರ್ಲನ್ ಇದೇ ಕಟ್ಟೆಯ ಮೇಲೆ ಅದನ್ನಿಟ್ಟು ಇದೇ ಮೊಣಕಾಲಿನ ಮಾತು ಆಡಿದ. ಬೇಕಾದರೆ ಇವರನ್ನೆಲ್ಲ ಕೇಳು.

ಕೇಳಿದಳು. ಹೌದು ಹೌದು ಎಂದರು ಎಲ್ಲರೂ. ಹಿಂದಿನ ಸಂಜೆಯೇನಾ, ಅದಕ್ಕೂ ಮೊದಲಾ ಎಂದು ಒಬ್ಬೊಬ್ಬರನ್ನೇ ಒತ್ತಿ ಕೇಳಿದಾಗ ಗಲಿಬಿಲಿಯಾದರು. ಆ ಮಾತನ್ನು ಎಷ್ಟು ಸಂಜೆ ಕೇಳಿದ್ದರೆಂದರೆ ಯಾವ ಸಂಜೆ ಯಾವುದೆಂದು ಯಾರಿಗೂ ಖಚಿತವಿರಲಿಲ್ಲ. ಖಚಿತವಾಗಿ ಹೇಳಿದವನು ಮರ್ಲ್ ಒಬ್ಬನೇ.

"ಕಾರಣ ಬೇಕಾ ಡೆಪ್ಯುಟಿ ಮೇಡಂ?" ಎಂದ ಅವನು. "ಜೋಲೀನ್‌ನ ಕೇಳು. ಗಂಡ ಇಲ್ಲದಾಗ ಅಡುಗೆಯವನು ಅವಳ ಮನೇಲಿ ಏನು ಬೇಯಿಸ್ತಿದ್ದ ಅಂತ ಕೇಳು."

ಬಾರು ಗೊಳ್ಳೆಂದಿತು. ಎಣ್ಣೆಯಲ್ಲಿ ಮೀನು ಕರಿಯುವ ವಾಸನೆ ಅವಳ ಬಟ್ಟೆಗೆಲ್ಲ ಹತ್ತಿತ್ತು. ಹೊರಗೆ ಬಂದರೆ ಜೀಪಿನ ಗಾಜಿನ ಮೇಲೆ ಯಾರೋ ಮೊಟ್ಟೆ ಒಡೆದಿದ್ದರು.

* * *

ಜೋಲೀನ್ ಪ್ರೂಯಿಟ್ ಬಾಗಿಲನ್ನು ಅರ್ಧ ಮಾತ್ರ ತೆರೆದಳು. ಅತ್ತು ಅತ್ತು ಕಣ್ಣು ಬಾತಿದ್ದವು.

ಹಾರ್ಲನ್ ಮನೆಗೆ ಬಂದದ್ದು ನಿಜವೇ ಎಂದು ಕೇಳಿದರೆ ನಿಜ ಎಂದಳು. ಯಾಕೆ ಬಂದಿದ್ದ ಎಂದರೆ ಬಾಯಿ ಬಿಗಿದಳು.

"ನನ್ನ ಗಂಡನ್ನ ಕೊಂದೋನು ಒಳಗಿದಾನೆ. ನಿಂಗಿನ್ನೇನು ಬೇಕು?" ಎಂದು ಬಾಗಿಲು ಹಾಕಿಕೊಂಡಳು.

ಡಾರ್ಲಾ ಹಿತ್ತಿಲಿನ ಬೇಲಿಯ ಹತ್ತಿರ ಹೋದಳು. ಹೇಸರಗತ್ತೆಗಳು ಹುಲ್ಲು ಮೇಯುತ್ತಿದ್ದವು. ಒಂದೊಂದರ ಕೊರಳಿಗೂ ಪಟ್ಟಿ, ಪಟ್ಟಿಯ ಮೇಲೆ ಹೆಸರು. ಪಕ್ಕದ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಮುದುಕನನ್ನು ಕರೆದು, ಓಡಿಹೋಗಿದ್ದ ಹೇಸರಗತ್ತೆ ಯಾವಾಗ ವಾಪಸ್ ಬಂತು ಎಂದು ಕೇಳಿದಳು. ಅವನು ವಿಚಿತ್ರವಾಗಿ ನೋಡಿದ. ಯಾವುದೂ ಓಡಿಹೋಗಿರಲಿಲ್ಲ. ಅಂದು ಬೆಳಿಗ್ಗೆ ಅವಕ್ಕೆ ನೀರು ಕುಡಿಸಿದ್ದು ತಾನೇ, ಎಲ್ಲವೂ ಇಲ್ಲೇ ಇದ್ದವು ಎಂದ.

ಹಾಗಾದರೆ ವೆಂಡೆಲ್ ಹಾರ್ಲನ್‌ನನ್ನು ದಿಣ್ಣೆಗೆ ಕರೆದೊಯ್ದದ್ದು ಯಾಕೆ? ಅಥವಾ ಹಾರ್ಲನ್ ಸುಳ್ಳು ಹೇಳುತ್ತಿದ್ದಾನೋ?

ಉತ್ತರ ದಿಣ್ಣೆಯ ಮೇಲಿತ್ತು. ಕರಡಿಯೂ ಅಲ್ಲೇ ಇತ್ತು.

* * *

ವನ್ಯಜೀವಿ ವಾರ್ಡನ್ ಟೀಗ್ ಬಂದೂಕು ಹಿಡಿದು ಮುಂದೆ ನಡೆದ. ಅವನಿಗೆ ಈ ಕೆಲಸ ಒಂಚೂರೂ ಇಷ್ಟವಿರಲಿಲ್ಲ. ತನ್ನ ಬೇಟೆ ಎಂದು ಗುರುತು ಹಾಕಿಕೊಂಡ ಜಾಗವನ್ನು ಗ್ರಿಜ್ಲಿ ಬಿಡುವುದಿಲ್ಲ, ನೀನು ಸತ್ತರೆ ಹೊತ್ತು ತರುವವನು ನಾನೇ ಎಂದು ದಾರಿಯುದ್ದಕ್ಕೂ ಗೊಣಗಿದ. ಡಾರ್ಲಾ ಒಂದು ಕೈಯಲ್ಲಿ ಮೆಣಸಿನ ಸ್ಪ್ರೇ ಡಬ್ಬಿ ಹಿಡಿದಿದ್ದಳು. ಈ ಕಾಡಿನಲ್ಲಿ ನಡೆಯುವವರ ಸೊಂಟದಲ್ಲೆಲ್ಲ ಅದಿರುತ್ತದೆ. ಕರಡಿ ನುಗ್ಗಿದರೆ ಮೊದಲು ಕೈ ಹೋಗುವುದು ಅದಕ್ಕೇ.

ನಡೆಯುತ್ತ ಒಂದು ಮಾತು ತಲೆಗೆ ಹೊಳೆಯಿತು. ನಿಂತುಬಿಟ್ಟಳು.

"ಟೀಗ್, ವೆಂಡೆಲ್‌ನ ಸೊಂಟದಲ್ಲೂ ಸ್ಪ್ರೇ ಇತ್ತಲ್ಲ?"

ಇತ್ತು ಎಂದ. ಹೆಣದ ಮೇಲೆಯೇ ಇತ್ತು. ತುಂಬಿತ್ತು, ಒತ್ತುಗುಂಡಿಗೆ ಅಡ್ಡವಿರುವ ಕ್ಲಿಪ್ಪೂ ತೆಗೆದಿರಲಿಲ್ಲ.

"ಹುಟ್ಟಿದಾಗಿನಿಂದ ಈ ಕಾಡಲ್ಲಿ ಗೈಡ್ ಆಗಿದ್ದೋನು. ಕರಡಿ ಎದ್ದು ನಿಂತಿದೆ. ಅವನ ಕೈ ಸ್ಪ್ರೇಗೆ ಯಾಕೆ ಹೋಗ್ಲಿಲ್ಲ?"

ಕಾಲಿಗೆ ಗುಂಡು ಬಿದ್ದಿತ್ತಲ್ಲ ಎಂದ ಟೀಗ್. ಗುಂಡು ಬಿದ್ದದ್ದು ಕಾಲಿಗೆ, ಕೈಗಲ್ಲ ಎಂದಳು ಡಾರ್ಲಾ.

ಪೊದೆಗಳ ಹತ್ತಿರ ಬರುವಾಗ ನಾತ ಮೂಗಿಗೆ ಹೊಡೆಯಿತು. ಹುಲ್ಲು ನೆಲಕಚ್ಚಿದ ಜಾಗದಲ್ಲಿ ಸತ್ತ ಕುದುರೆಯೊಂದರ ಎಲುಬುಗೂಡು. ಅದನ್ನು ಕರಡಿ ತಂದಿರಲಿಲ್ಲ, ಕಾಲುಗಳಿಗೆ ಎಳೆದ ಹಗ್ಗ ಇನ್ನೂ ಕಟ್ಟಿಕೊಂಡಿತ್ತು. ಕರಡಿ ಮತ್ತೆ ಮತ್ತೆ ಬರಲೆಂದು ಯಾರೋ ಹಾಕಿದ ಔತಣ. ಸುತ್ತಲಿನ ಮಣ್ಣು ಜಿಡ್ಡುಜಿಡ್ಡಾಗಿತ್ತು. ಡಾರ್ಲಾ ಬೆರಳಲ್ಲಿ ಒರೆಸಿ ಮೂಸಿದಳು. ಕೊಳೆತ ಮಾಂಸದ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ. ಬೆರಳಿಗೆ ಕರಿದ ಹಿಟ್ಟಿನ ಕಂದು ಚೂರುಗಳು ಅಂಟಿದವು.

ಆಗ ಮೇಲಿನ ಮರಗಳ ನಡುವೆ ಉಸಿರು ಬಿಟ್ಟ ಸದ್ದಾಯಿತು. ಭಾರವಾದ, ಒದ್ದೆ ಉಸಿರು. ಟೀಗ್ ಬಂದೂಕು ಎತ್ತಿದ. ಬೇಗ ಮುಗಿಸು ಎಂದು ಪಿಸುಗುಟ್ಟಿದ.

ಡಾರ್ಲಾ ಬಗ್ಗಿ ಪೊದೆಯೊಳಗೆ ಕೈ ಹಾಕಿದಳು. ಹಸಿರು ಉಣ್ಣೆ ಕಾಣುತ್ತಿತ್ತು. ಕರಡಿ ಮೈಯಿಂದ ಹರಿದು ಎಳೆದುಹಾಕಿದ ವೆಂಡೆಲ್‌ನ ಉದ್ದ ಕೋಟು. ಹೆಣ ತರಲು ಹೋದವರು ಜೀವಭಯದಲ್ಲಿ ಇದನ್ನು ಬಿಟ್ಟುಬಂದಿದ್ದರು. ಕಂಕುಳಲ್ಲಿ ಒತ್ತಿ ಹಿಡಿದಳು. ಇಬ್ಬರೂ ಬೆನ್ನು ತೋರಿಸದೆ, ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಸರಿದರು. ಮರಗಳ ನಡುವಿನ ಕಪ್ಪು ಆಕಾರ ಅವರನ್ನು ನೋಡುತ್ತಲೇ ಇತ್ತು. ಹಿಂಬಾಲಿಸಲಿಲ್ಲ.

ಜೀಪಿನ ಬಾನೆಟ್ಟಿನ ಮೇಲೆ ಕೋಟು ಹರಡಿದಳು. ಬಲಗಡೆಯ ಜೇಬಿನ ತಳದಲ್ಲಿ ಸಣ್ಣ ತೂತು. ಅಂಚು ಸುಟ್ಟು ಕರಿಯಾಗಿತ್ತು. ಜೇಬಿನ ಒಳಭಾಗವೆಲ್ಲ ಮದ್ದಿನ ಮಸಿ. ಹೊರಗೆ ಮಸಿ ಇರಲಿಲ್ಲ.

ಡಾರ್ಲಾ ಬಹಳ ಹೊತ್ತು ಆ ತೂತನ್ನೇ ನೋಡಿದಳು.

* * *

ಶೆರಿಫ್‌ನನ್ನು ಬಾರಿಗೆ ಕರೆತರಲು ಅವಳು ಕೆಲಸ ಬಿಡುತ್ತೇನೆಂದು ಹೆದರಿಸಬೇಕಾಯಿತು. ಜೋಲೀನ್ ಅಲ್ಲೇ ಇದ್ದಳು, ಮೂಲೆಯ ಮೇಜಿನಲ್ಲಿ. ಶವಸಂಸ್ಕಾರದ ಊಟದ ಬಗ್ಗೆ ಮರ್ಲ್ ಜೊತೆ ಮಾತಾಡಲು ಬಂದಿದ್ದಳು. ಟೀಗ್ ಬಾಗಿಲಿಗೆ ಅಡ್ಡವಾಗಿ ನಿಂತ.

ಡಾರ್ಲಾ ಕೋಟನ್ನು ಕಟ್ಟೆಯ ಮೇಲೆ ಹಾಸಿದಳು.

"ಗುಂಡು ಹಾರಿಸಿದ್ದು ಹಾರ್ಲನ್ ಅಲ್ಲ," ಅಂದಳು. "ವೆಂಡೆಲ್. ತನ್ನ ಜೇಬೊಳಗಿಂದ, ತನ್ನ ಕಾಲಿಗೇ."

ಗದ್ದಲ ಎದ್ದಿತು. ಅವಳು ಕಾಯಲಿಲ್ಲ. ಜೇಬು ಒಳಗಿನಿಂದ ಸುಟ್ಟಿದೆ, ನೋಡಿ ಎಂದಳು. ಬಯಲಲ್ಲಿ ಹಾರಿಸಿದ್ದರೆ ಖಾಲಿ ತೋಟಾ ಹೊರಗೆ ಸಿಡಿಯುತ್ತಿತ್ತು. ಬಟ್ಟೆ ಅಡ್ಡ ಬಂದದ್ದರಿಂದ ಒಳಗೇ ಸಿಕ್ಕಿತು. ಅದಕ್ಕೇ ಪಿಸ್ತೂಲಿಗೆ ಉಣ್ಣೆಯ ಎಳೆ. ಅದಕ್ಕೇ ಗುಂಡು ತೊಡೆಯಿಂದ ಮೊಣಕಾಲಿಗೆ ಇಳಿದದ್ದು. ಕರಡಿ ಕೋಟು ಎಳೆದಾಡಿದಾಗ ಪಿಸ್ತೂಲು ಜೇಬಿನಿಂದ ಜಾರಿ ಕೆಳಗಿನ ಕಲ್ಲುಗಳ ನಡುವೆ ಬಿತ್ತು.

ಆಕಸ್ಮಿಕ ಅನ್ನು ಹಾಗಾದರೆ ಎಂದ ಶೆರಿಫ್. ಕರಡಿಯನ್ನು ಹೊಡೆಯಲು ತೆಗೆಯುವಾಗ ಹಾರಿತು.

ಇಲ್ಲ ಎಂದಳು. ವೆಂಡೆಲ್‌ನಂಥ ಗೈಡು ಗ್ರಿಜ್ಲಿಯನ್ನು ಆ ಆಟಿಕೆಯಿಂದ ಹೊಡೆಯಲು ಹೋಗುವವನಲ್ಲ. ಸ್ಪ್ರೇ ಸೊಂಟದಲ್ಲಿತ್ತು, ಮುಟ್ಟಲಿಲ್ಲ. ಯಾಕೆಂದರೆ ಕರಡಿ ಎದ್ದಾಗ ಅವನ ಕೈ ಆಗಲೇ ಜೇಬಿನಲ್ಲಿ ಪಿಸ್ತೂಲಿನ ಮೇಲಿತ್ತು. ಗೈಡು ಯಾವಾಗಲೂ ಮುಂದೆ ನಡೆಯುತ್ತಾನೆ, ಅಂದು ಅವನು ಹಿಂದೆ ನಡೆದ. ಓಡಿಹೋದ ಹೇಸರಗತ್ತೆ ಇರಲೇ ಇಲ್ಲ. ದಿಣ್ಣೆಯ ಮೇಲೆ ಕರಡಿಗೆಂದು ಸತ್ತ ಕುದುರೆಯನ್ನು ಹಾಕಿಟ್ಟಿದ್ದರು. ಅಲ್ಲಿಗೆ ಹಾರ್ಲನ್‌ನನ್ನು ಕರೆದೊಯ್ದು, ಮೊಣಕಾಲಿಗೆ ಹೊಡೆದು, ಪಿಸ್ತೂಲನ್ನು ಅವನ ಕೈಗಿಟ್ಟು ಬರುವುದು ಉಪಾಯ. ಮಿಕ್ಕದ್ದು ಕರಡಿಗೆ. ಆಟಿಕೆ ಹಿಡಿದು ಕಾಡಿಗೆ ಹೋದ ಮೂರ್ಖ ತನ್ನ ಕಾಲಿಗೇ ಹೊಡೆದುಕೊಂಡ ಎಂದು ಈ ಊರು ನಗುತ್ತಿತ್ತು. ತನಿಖೆಯೇ ಆಗುತ್ತಿರಲಿಲ್ಲ.

"ಕರಡಿ ಅವನು ಅಂದ್ಕೊಂಡಿದ್ದಕ್ಕಿಂತ ಬೇಗ ಎದ್ದಿತು. 'ಓಡ್ಬೇಡ, ನಿಂತ್ಕೋ' ಅಂದದ್ದು ಹಾರ್ಲನ್‌ನ ಉಳಿಸೋಕಲ್ಲ. ಗುರಿ ತಪ್ಪದೇ ಇರ್ಲಿ ಅಂತ. ಆತುರದಲ್ಲಿ ಎಳೆದಾಗ ಪಿಸ್ತೂಲು ಜೇಬಲ್ಲೇ ಹಾರ್ತು."

ಡಾರ್ಲಾ ಮರ್ಲ್ ಕಡೆ ತಿರುಗಿದಳು.

"ಪಿಸ್ತೂಲು ವೆಂಡೆಲ್‌ನ ಕೈಗೆ ಹೋಗಿದ್ದು ಇಲ್ಲಿಂದ. ಹಿಂದಿನ ಸಂಜೆ ಹಾರ್ಲನ್ ಹತ್ರ ನೋಡಿದೆ ಅಂತ ಆಣೆಮಾಡಿದೋನು ನೀನೊಬ್ಬನೇ."

ಮರ್ಲ್ ನಕ್ಕ. ನಿನ್ನ ಬಾಯಿಗೆ ಬಂದದ್ದೆಲ್ಲ ಸಾಕ್ಷಿಯಾ ಎಂದ. ಅವಳು ಪುಟ್ಟ ಡಬ್ಬಿಯೊಂದನ್ನು ತೆರೆದು ಕಟ್ಟೆಯ ಮೇಲಿಟ್ಟಳು. ದಿಣ್ಣೆಯ ಮಣ್ಣು. ಕುದುರೆಯ ಮೇಲೆ ಸುರಿದದ್ದು ಕರಿದು ಉಳಿದ ಎಣ್ಣೆ, ಅದರಲ್ಲಿ ಮೀನಿನ ವಾಸನೆ, ಹಿಟ್ಟಿನ ಚೂರು. ಬೆಂಟ್ ಕ್ರೀಕ್‌ನಲ್ಲಿ ಪೀಪಾಯಿಗಟ್ಟಲೆ ಎಣ್ಣೆಯಲ್ಲಿ ಮೀನು ಕರಿಯುವ ಒಲೆ ಇರುವುದು ಈ ಅಡುಗೆಮನೆಯಲ್ಲೊಂದೇ.

ಮರ್ಲ್‌ನ ಮುಖದ ಕೆಂಪು ಇಳಿಯಿತು. ಆದರೂ ಒಪ್ಪಿಕೊಳ್ಳಲಿಲ್ಲ. ಎಣ್ಣೆಯನ್ನು ಹೊರಗೆ ಎಸೆಯುತ್ತೇನೆ, ಯಾರು ಬೇಕಾದರೂ ಒಯ್ಯಬಹುದು ಎಂದ. ಯಾಕೆ, ಯಾತಕ್ಕೆ ನಾನು ಹಾರ್ಲನ್‌ನ ಸಾವು ಬಯಸಲಿ ಎಂದ.

ಉತ್ತರ ಬಂದದ್ದು ಮೂಲೆಯ ಮೇಜಿನಿಂದ.

"ಕರಡಿ ಪಿತ್ತಕೋಶ," ಎಂದಳು ಜೋಲೀನ್. ಧ್ವನಿಯಲ್ಲಿ ಜೀವವಿರಲಿಲ್ಲ. "ಫ್ರೀಜರ್‌ನಲ್ಲಿ ಮೀನಿನ ಕೆಳಗೆ ಇಟ್ಟಿದಾನೆ. ನೋಡಿ."

ಅವಳು ನೆಲ ನೋಡುತ್ತಲೇ ಮಿಕ್ಕದ್ದನ್ನೂ ಹೇಳಿದಳು. ವೆಂಡೆಲ್ ಕದ್ದು ಕರಡಿ ಹೊಡೆಯುತ್ತಿದ್ದ. ಔಷಧಿಗೆಂದು ಭಾರೀ ಬೆಲೆಗೆ ಹೋಗುವ ಪಿತ್ತಕೋಶಗಳನ್ನು ಮರ್ಲ್ ಸಾಗಿಸುತ್ತಿದ್ದ. ಶಿಬಿರದ ಐಸ್ ಪೆಟ್ಟಿಗೆಯಲ್ಲಿ ಹಾರ್ಲನ್‌ಗೆ ಅದು ಸಿಕ್ಕಿತು. ವಾರ್ಡನ್‌ಗೆ ಹೇಳುವ ಮೊದಲು ಅವನು ಜೋಲೀನ್‌ಳ ಮನೆಗೆ ಬಂದ. ಗಂಡನಿಗೆ ನೀನೇ ಬುದ್ಧಿ ಹೇಳು, ತಾನಾಗಿ ಹೋಗಿ ಒಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗುತ್ತೆ ಎಂದ.

"ನಾನು ವೆಂಡೆಲ್‌ಗೆ ಹೇಳಿದೆ. ಇದೇ ಬಾಯಲ್ಲಿ ಹೇಳಿದೆ." ತಲೆ ಎತ್ತಿ ಡಾರ್ಲಾಳನ್ನು ನೋಡಿದಳು. ಆ ನೋಟದಲ್ಲಿ ದ್ವೇಷವಲ್ಲದೆ ಬೇರೇನೂ ಇರಲಿಲ್ಲ. "ನಿನ್ನೆ ತನಕ ನನ್ನ ಗಂಡ ಸತ್ತಿದ್ದ ಅಷ್ಟೇ. ಇವತ್ತು ನೀನು ಅವನನ್ನ ಕೊಲೆಗಾರನ್ನಾಗಿ ಮಾಡಿದೆ."

ಟೀಗ್ ಫ್ರೀಜರ್ ತೆರೆದ. ಮೀನಿನ ಪೊಟ್ಟಣಗಳ ಕೆಳಗೆ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಗಂಟುಗಳು ಸಿಕ್ಕವು. ಮರ್ಲ್ ಹಿಂಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ. ಅಲ್ಲಿ ಶೆರಿಫ್ ಲುಂಡೀನ್ ನಿಂತಿದ್ದ, ಮುಖ ಗಂಟುಹಾಕಿಕೊಂಡು. ಬೇಡಿ ಹಾಕುವಾಗ, ಪಿಸ್ತೂಲು ಕದ್ದು ಕೊಟ್ಟದ್ದು ತಾನೇ, ಆದರೆ ಎಲ್ಲ ವೆಂಡೆಲ್‌ನ ತಲೆ ಎಂದು ಮರ್ಲ್ ಬಡಬಡಿಸಿದ. ಯಾರೂ ಅವನ ಕಡೆ ನೋಡಲಿಲ್ಲ. ಅವನ ಮುಂದೆ ಗ್ಲಾಸು ಹಿಡಿದು ಹೌದು ಹೌದು ಎಂದವರು ಒಬ್ಬೊಬ್ಬರಾಗಿ ಎದ್ದು ಹೋದರು. ಹೋಗುವಾಗ ಡಾರ್ಲಾಳಿಗೂ ಯಾರೂ ಒಂದು ಮಾತು ಹೇಳಲಿಲ್ಲ.

* * *

ಲಾಕಪ್ಪಿನ ಬಾಗಿಲು ತೆರೆದು ಅವಳು ಹಾರ್ಲನ್‌ಗೆ ಎಲ್ಲವನ್ನೂ ಹೇಳಿದಳು. ಅವನು ಬೂಟಿನ ದಾರ ಕಟ್ಟುತ್ತ ಕೇಳಿದ. ಖುಷಿಪಡುತ್ತಾನೆ, ಇಲ್ಲವೇ ಬೈಯುತ್ತಾನೆ ಎಂದುಕೊಂಡಿದ್ದಳು. ಎರಡೂ ಆಗಲಿಲ್ಲ. ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ.

"ನಿಂಗೆ ಒಂದು ಹೇಳಿರ್ಲಿಲ್ಲ," ಅಂದ ಕೊನೆಗೆ. "ಗುಂಡಿನ ಸದ್ದಾದ ಮೇಲೆ ಅವನು ನನ್ನ ಹೆಸರು ಹಿಡಿದು ಕರೆದ. ಒಂದು ಸಲ ಅಲ್ಲ. ನಾನು ಕಲ್ಲಿನ ಹಿಂದೆ ಬಿದ್ದುಕೊಂಡು ಕಿವಿ ಮುಚ್ಚಿಕೊಂಡೆ. ಈಗ ಹೇಳು. ಕೊಲ್ಲೋಕೆ ಕರೆದ್ನಾ, ಕಾಪಾಡು ಅಂತ ಕರೆದ್ನಾ?"

ಡಾರ್ಲಾಳಿಗೆ ಉತ್ತರ ಗೊತ್ತಿತ್ತು. ಪಿಸ್ತೂಲು ಮೊದಲನೇ ಗುಂಡಿಗೇ ಕೆಟ್ಟು ಕೂತಿತ್ತು. ಮೊಣಕಾಲು ಒಡೆದಿತ್ತು. ಆ ಹೊತ್ತಿಗೆ ಅವನು ಯಾರನ್ನೂ ಕೊಲ್ಲುವ ಸ್ಥಿತಿಯಲ್ಲಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಆ ಸುಳ್ಳಿಗೆ ಅವಳಿಗೆ ಬಾಯಿ ಬರಲಿಲ್ಲ.

"ಕಾಪಾಡು ಅಂತ," ಅಂದಳು.

ಹಾರ್ಲನ್ ತಲೆಯಾಡಿಸಿದ. ಎದ್ದು ನಿಂತ. ಬಾಗಿಲ ತನಕ ನಡೆದು ಅಲ್ಲೇ ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟ. ಹೊರಗೆ ಬಿಸಿಲು ಚೆನ್ನಾಗಿತ್ತು. ಅವನು ಹೊರಗೆ ಕಾಲಿಡಲು ಬಹಳ ಹೊತ್ತು ಹಿಡಿಯಿತು.